ಪಿಎಚ್‌ಸಿಯಿಂದ ಡಿಎಚ್‌ಒ ಕುರ್ಚಿಗೆ: ಎಂಡಿನಾ, ಎಂಪಿಎಚ್ಚಾ?

ಮೊಳಕಾಲ್ಮೂರು_ಎಂಒ: ಎಂಬಿಬಿಎಸ್ ಆಗಿದೆ, ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೆಲಸ. ಕ್ಲಿನಿಕಲ್ ಪೀಜಿ ಬೇಡ. ಮುಂದೆ ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ), ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಗೋ ಕಡೆಗೆ ಮನಸ್ಸಿದೆ. ಕಮ್ಯುನಿಟಿ ಮೆಡಿಸಿನ್ ಎಂಡಿ ಬೇಕೇ ಬೇಕಾ? ಇನ್ನೊಂದು: ಹಟ್ಟಿ, ತಾಂಡಾಗಳ ಮಕ್ಕಳಿಗೆ ಲಸಿಕೆ ತಪ್ಪುತ್ತಿದೆ, ರಿಪೋರ್ಟಿನಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ.

ಪಿಎಸ್ಎಂ_ದಾವಣಗೆರೆ: ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡೋ ಆಸೆ ಇದ್ದರೆ ಎಂಡಿ: ನೀಟ್ ಪೀಜಿ, 3 ವರ್ಷ. ಇಲ್ಲದಿದ್ದರೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ), 2 ವರ್ಷ. ತಿರುವನಂತಪುರದ ಶ್ರೀ ಚಿತ್ರಾ, ಚೆನ್ನೈನ ಎನ್ಐಇ (ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ) ಎರಡೂ ಗಟ್ಟಿ ಜಾಗ. ಸರ್ವಿಸ್‌ನಲ್ಲಿದ್ದರೆ ಡೆಪ್ಯುಟೇಶನ್ (ಕೆಲಸದಲ್ಲಿದ್ದೇ ಓದಲು ಕಳಿಸೋದು) ನಿಯಮ ಮೊದಲು ಓದಿ, ಆಮೇಲೆ ಅರ್ಜಿ.

ಚಳ್ಳಕೆರೆ_ಫೀಲ್ಡ್: ರಿಪೋರ್ಟ್ ಚೆನ್ನಾಗಿ ಕಾಣೋದು ಸರಾಸರಿಯ ಮಹಿಮೆ. ಒಂದೇ ಗಾತ್ರದ ಐದು ಉಪಕೇಂದ್ರಗಳಲ್ಲಿ ನಾಲ್ಕರಲ್ಲಿ ಲಸಿಕೆ ಶೇ. 95, ಒಂದರಲ್ಲಿ ಶೇ. 60 ಅಂದುಕೊಳ್ಳಿ. ಪಿಎಚ್‌ಸಿ ಲೆಕ್ಕ ಶೇ. 88 ಬರುತ್ತೆ, ಮೀಟಿಂಗ್‌ನಲ್ಲಿ ಯಾರೂ ಕೇಳಲ್ಲ. ಉಪಕೇಂದ್ರ ಬಿಡಿ, ಹಟ್ಟಿವಾರು ಪಟ್ಟಿ ಮಾಡಿ.

ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಆದ ಮಕ್ಕಳ ಸಂಖ್ಯೆ ಪೆಂಟಾ-1, ಮೂರನೆಯದು ಆದವರದು ಪೆಂಟಾ-3. ಪೆಂಟಾ-1ರಲ್ಲಿ ಪೆಂಟಾ-3 ಕಳೆದು, ಪೆಂಟಾ-1ರಿಂದ ಭಾಗಿಸಿ, ನೂರರಿಂದ ಗುಣಿಸಿ; ಇದೇ ಡ್ರಾಪ್‌ಔಟ್ ದರ. ಶೇ. 10 ದಾಟಿದರೆ ಶುರುಮಾಡಿದವರೇ ಮಧ್ಯೆ ಬಿಡುತ್ತಿದ್ದಾರೆ ಅಂತ. ಪೆಂಟಾ-1 ಕೂಡ ಕಡಿಮೆ ಇದ್ದರೆ ನಮ್ಮವರೇ ಅಲ್ಲಿಗೆ ತಲುಪಿಲ್ಲ. ಎರಡಕ್ಕೂ ಮದ್ದು ಬೇರೆ.

ಇಲ್ಲೊಂದು ಗುಂಡಿ ಇದೆ. ಚೊಚ್ಚಲ ಬಾಣಂತನ ತವರಲ್ಲಿ. 6ನೇ ವಾರದ ಪೆಂಟಾ-1 ತವರಿನ ಲೆಕ್ಕಕ್ಕೆ ಹೋಗಿ, ಪೆಂಟಾ-3 ಗಂಡನ ಊರಿನ ಲೆಕ್ಕಕ್ಕೆ ಬಂದರೆ ಒಂದು ಕಡೆ ಡ್ರಾಪ್‌ಔಟ್ ಉಬ್ಬುತ್ತೆ, ಇನ್ನೊಂದು ಕಡೆ ಮೈನಸ್ಸಿಗೂ ಇಳಿಯುತ್ತೆ. ತಾಯಿ ಕಾರ್ಡ್ ನೋಡದೆ ಆಶಾ ಕಾರ್ಯಕರ್ತೆ ಮೇಲೆ ಹರಿಹಾಯಬೇಡಿ.

ಹಿರಿಯೂರು_ಆರ್‌ಸಿಎಚ್: ಮೇಲಿನದಕ್ಕೆ ಒಂದು ಸೇರಿಸಿ. ಸೂತಕ ಪಾಲಿಸುವ ಹಟ್ಟಿಗಳಲ್ಲಿ ಬಾಣಂತಿ, ಮಗು ಊರಾಚೆ ಗುಡಿಸಲಲ್ಲಿ ಇರ್ತಾರೆ. ಆಶಾ ಮನೆಗೆ ಹೋಗಿ 'ಇಲ್ಲ' ಅಂತ ಬರೆದರೆ ಆ ಭೇಟಿ ಅಲ್ಲಿಗೇ ಮುಗೀತು. ಆಸ್ಪತ್ರೆ ಹೆರಿಗೆಯಾದರೆ ಆರು ಭೇಟಿ: 3, 7, 14, 21, 28, 42ನೇ ದಿನ. ಎಲ್ಲವೂ ಗುಡಿಸಲಿಗೇ ಆಗಬೇಕು, ಮಗುವಿನ ಮೈ ತಣ್ಣಗಿದೆಯಾ ಅಂತ ಮುಟ್ಟಿ ನೋಡಬೇಕು. ಪದ್ಧತಿ ಬಗ್ಗೆ ಭಾಷಣ ಆಮೇಲೆ, ಅದೂ ಹಟ್ಟಿಯ ಹಿರಿಯರನ್ನು ಕೂರಿಸಿಕೊಂಡು.

ಮೊಳಕಾಲ್ಮೂರು_ಎಂಒ: ಕುರಿ ಹಿಂಡಿನ ಜೊತೆ ಹೋದವರು ಆರು ತಿಂಗಳ ಮೇಲೆ ವಾಪಸ್ ಬಂದರೆ ಮಗುವಿನ ಲಸಿಕೆ ಮೊದಲಿಂದ ಶುರುನಾ?

ಚಳ್ಳಕೆರೆ_ಫೀಲ್ಡ್: ಬೇಡ. ನಿಂತಲ್ಲಿಂದಲೇ ಮುಂದುವರಿಸಿ, ಡೋಸ್‌ಗಳ ನಡುವೆ ಕನಿಷ್ಠ 4 ವಾರ. ಪೆಂಟಾ ಮೊದಲ ಡೋಸ್ ಮಾತ್ರ ವರ್ಷದೊಳಗೆ ಬಿದ್ದಿರಬೇಕು, ಎಂಆರ್ (ದಡಾರ-ರುಬೆಲ್ಲಾ) 5 ವರ್ಷದವರೆಗೂ ಕೊಡಬಹುದು. ಹೊರಡುವ ತಿಂಗಳು ಕೇಳಿಟ್ಟುಕೊಂಡು ಸೆಶನ್ ಅದಕ್ಕೆ ಮುಂಚೆ ಹಾಕಿ.