ಟ್ರಯಲ್‌ಗೆ ಸೇರ್ತೀರಾ ಅಂತ ಕೇಳಿದ್ದಾರೆ, ಒಪ್ಪಬಹುದಾ?

ಪ್ರಶ್ನೆ (ತೋಟದ ರೈಟರ್, ಸಿದ್ದಾಪುರ):
ನಮಸ್ಕಾರ ಮೇಡಂ. ನಮ್ಮ ತೋಟದ ಲೈನ್ ಮನೆಯಲ್ಲಿರುವ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ. ಯರವ ಆದಿವಾಸಿ, ಓದಲು ಬರೆಯಲು ಬರುವುದಿಲ್ಲ. ಮೈಸೂರಿನ ಒಂದು ಆಸ್ಪತ್ರೆಗೆ ಹೋದಾಗ ಹೊಸ ಮಾತ್ರೆಯ ಟ್ರಯಲ್ ನಡೆಯುತ್ತಿದೆ, ಸೇರ್ತೀರಾ ಅಂತ ಕೇಳಿದ್ದಾರೆ. ಮಾತ್ರೆ, ಟೆಸ್ಟ್ ಎಲ್ಲ ಫ್ರೀ, ಬಸ್ ಚಾರ್ಜೂ ಕೊಡುತ್ತಾರಂತೆ. "ನೀವು ಹೇಳಿದ ಹಾಗೆ ಮಾಡ್ತೀನಿ ಅಣ್ಣ" ಅಂತ ಫಾರಂ ತಂದು ನನ್ನ ಕೈಗೆ ಕೊಟ್ಟಿದ್ದಾರೆ. ಹೊರದೇಶದವರು ತಮ್ಮ ಔಷಧಿಯನ್ನು ನಮ್ಮ ಬಡವರ ಮೇಲೆ ಪರೀಕ್ಷೆ ಮಾಡ್ತಾರೆ ಅಂತ ಕೇಳಿದ್ದೇನೆ. ಇಂಥ ಟ್ರಯಲ್‌ನಿಂದ ನಮ್ಮವರಿಗೆ ನಿಜವಾಗಲೂ ಉಪಯೋಗ ಇದೆಯಾ?

ಉತ್ತರ (ಡಾಕ್ಟರ್):
ಇದೆ. ಅದನ್ನೇ ಮೊದಲು ಹೇಳುತ್ತೇನೆ. ಟ್ರಯಲ್ ಅಂದ ತಕ್ಷಣ ಮೋಸ ಅಂತ ತಳ್ಳಿಹಾಕುವವರೇ ಜಾಸ್ತಿ, ಅದರಿಂದ ನಷ್ಟ ನಮಗೇ.

ಒಂದು ಕಾಲದಲ್ಲಿ ಟಿಬಿ ಬಂದವರನ್ನು ಮನೆಯಿಂದ ಬೇರೆ ಮಾಡಿ ಸ್ಯಾನಟೋರಿಯಂಗೆ ಸೇರಿಸುತ್ತಿದ್ದರು. ಒಳ್ಳೆ ಊಟ, ಗಾಳಿ, ವಿಶ್ರಾಂತಿ ಇಲ್ಲದೆ ಬರೀ ಮಾತ್ರೆ ನುಂಗಿದರೆ ವಾಸಿಯಾಗಲ್ಲ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದರು. ಆದರೆ ನಮ್ಮ ದೇಶದಲ್ಲಿ ಅಷ್ಟು ಹಾಸಿಗೆ ಎಲ್ಲಿತ್ತು? 1956ರಲ್ಲಿ ಮದ್ರಾಸಿನಲ್ಲಿ ಒಂದು ಟ್ರಯಲ್ ಶುರುವಾಯಿತು. 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂಗೆ, ಇನ್ನೊಂದು ಗುಂಪು ತಮ್ಮದೇ ಮನೆಗೆ. ಇಬ್ಬರಿಗೂ ಒಂದೇ ಔಷಧಿ, ಒಂದು ವರ್ಷ. ಕಿಷ್ಕಿಂಧೆಯಂಥ ಮನೆಯಲ್ಲಿ ಇದ್ದವರು, ಊಟ ಕಮ್ಮಿ ಇದ್ದವರು, ಅವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾದರು. ಮನೆಯವರಿಗೆ ರೋಗ ತಗುಲಿದ್ದೂ ಜಾಸ್ತಿಯಾಗಲಿಲ್ಲ. ಆಮೇಲೆ ಪ್ರಪಂಚವೇ ಆ ದಾರಿ ಹಿಡಿಯಿತು. ಇವತ್ತು ನಿಮ್ಮ ಲೈನ್ ಮನೆಯಲ್ಲಿ ಯಾರಿಗಾದರೂ ಟಿಬಿ ಬಂದರೆ ಮನೆಯಲ್ಲೇ ಇದ್ದು ಮಾತ್ರೆ ತಗೊಳ್ಳಬಹುದು. ಅದರ ಹಿಂದೆ ಆ ಬಡ ರೋಗಿಗಳಿದ್ದಾರೆ. ಈ ಪರೀಕ್ಷೆಯನ್ನು ಲಂಡನ್ನಿನಲ್ಲಿ ಮಾಡಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನನ್ನನ್ನು ಬಹಳ ಕಾಡಿದ್ದು. ಜ್ವರ ಜೋರಾಗಿ, ಕೈಕಾಲು ತಣ್ಣಗಾಗಿ, ರಕ್ತ ಸಂಚಾರ ಕುಸಿದ ಮಗುವಿಗೆ ಡ್ರಿಪ್ ಬೇಗ ಬೇಗ ಏರಿಸಬೇಕು ಅಂತ ನಮಗೆಲ್ಲ ಕಲಿಸಿದ್ದರು. ಶ್ರೀಮಂತ ದೇಶಗಳ ಐಸಿಯುನಲ್ಲಿ ಬೆಳೆದ ಪದ್ಧತಿ ಅದು. ಕೀನ್ಯಾ, ಉಗಾಂಡಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ 3,000ಕ್ಕೂ ಹೆಚ್ಚು ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿದರು. 2011ರಲ್ಲಿ ಫಲಿತಾಂಶ ಬಂತು. ಹಾಗೆ ಬೇಗ ಡ್ರಿಪ್ ಏರಿಸಿದ ಮಕ್ಕಳಲ್ಲಿ 48 ಗಂಟೆಯೊಳಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸಾವು. ಹಾಗೆ ಏರಿಸದವರಲ್ಲಿ ನೂರಕ್ಕೆ ಏಳು ಚಿಲ್ಲರೆ. ವೆಂಟಿಲೇಟರ್ ಇಲ್ಲದ ಆ ಆಸ್ಪತ್ರೆಗಳಲ್ಲಿ ಅದೇ ಚಿಕಿತ್ಸೆ ಮಕ್ಕಳ ಜೀವಕ್ಕೆ ಮುಳುವಾಗಿತ್ತು. ಅಲ್ಲೇ ಪರೀಕ್ಷೆ ಮಾಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಮಕ್ಕಳಿಗೆ ಜೋರು ಭೇದಿ ತರುವ ರೋಟಾ ವೈರಸ್ ವಿರುದ್ಧದ ಲಸಿಕೆಯೂ ಹಾಗೇ. ಯುರೋಪಿನ ಮಕ್ಕಳಿಗೆ ಕೊಡುವಷ್ಟು ರಕ್ಷಣೆಯನ್ನು ಆಫ್ರಿಕಾ, ಏಷ್ಯಾದ ಬಡ ಮಕ್ಕಳಿಗೆ ಕೊಡುವುದಿಲ್ಲ. ನಮ್ಮ ದೇಶದ್ದೇ ಲಸಿಕೆ ರೋಟಾವ್ಯಾಕ್ ಅನ್ನು ದೆಹಲಿ, ಪುಣೆ, ವೆಲ್ಲೂರಿನ 6,799 ಮಕ್ಕಳಲ್ಲಿ ನೋಡಿ, 2016ರಿಂದ ಸರ್ಕಾರಿ ಲಸಿಕೆ ಪಟ್ಟಿಗೆ ಸೇರಿಸಿದರು.

ಹಾಗಂತ ಎಲ್ಲ ಟ್ರಯಲ್‌ಗೂ ಕಣ್ಣು ಮುಚ್ಚಿ ಹೂಂ ಅನ್ನಬೇಡಿ. ನಾನು ನೋಡುವುದು ಎರಡೇ. ಆ ಕಾಯಿಲೆಗೆ ಹೊಸ ಔಷಧಿ ನಮ್ಮ ಜನಕ್ಕೆ ಬೇಕಾ? ಔಷಧಿ ಗೆದ್ದರೆ ನಮ್ಮ ಕೈಗೆಟುಕುವ ಬೆಲೆಯಲ್ಲಿ ಸಿಗುತ್ತಾ? ಸಕ್ಕರೆ ಕಾಯಿಲೆ ನಮ್ಮಲ್ಲಿ ಬೇಕಾದಷ್ಟಿದೆ, ಮೊದಲನೆಯದು ಸರಿ. ಎರಡನೆಯದನ್ನು ಅಲ್ಲಿನ ಡಾಕ್ಟರನ್ನೇ ಕೇಳಿ.

ಪ್ರತಿಕ್ರಿಯೆ (ಕುಶಾಲನಗರದ ಸದಸ್ಯರು):
ಮೇಡಂ, ಕಂಪನಿಗಳು ಇಲ್ಲಿಗೆ ಬರುವುದು ನಮ್ಮ ಮೇಲಿನ ಪ್ರೀತಿಗಾ? ಖರ್ಚು ಕಮ್ಮಿ, ಕೇಳುವವರಿಲ್ಲ ಅಂತ ತಾನೇ?

ಉತ್ತರ (ಡಾಕ್ಟರ್):
ಖರ್ಚು ಕಮ್ಮಿ ಅನ್ನುವುದು ನಿಜ ಸರ್. ರೋಗಿಗಳು ಬೇಗ ಸಿಗುತ್ತಾರೆ, ಮೊದಲು ಯಾವ ಔಷಧಿಯನ್ನೂ ತಗೊಳ್ಳದವರೂ ಸಿಗುತ್ತಾರೆ. ಕೇಳುವವರಿಲ್ಲ ಅನ್ನುವುದೂ ಒಂದು ಕಾಲಕ್ಕೆ ನಿಜವಾಗಿತ್ತು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಒಂದು ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಹಲವರು ಆದಿವಾಸಿ ಮಕ್ಕಳು, ಹಾಸ್ಟೆಲ್‌ನಲ್ಲಿದ್ದವರು. ಅಪ್ಪ ಅಮ್ಮನ ಬದಲು ಎಷ್ಟೋ ಫಾರಂಗಳಿಗೆ ವಾರ್ಡನ್‌ಗಳೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡರು. ಅದಕ್ಕೆ ಲಸಿಕೆ ಕಾರಣ ಅಂತ ಸಾಬೀತಾಗಲಿಲ್ಲ. ಲಸಿಕೆಯೂ ಒಳ್ಳೆಯದೇ. ಆದರೆ ಒಪ್ಪಿಗೆ ತಗೊಂಡ ರೀತಿ ತಪ್ಪು, 2013ರಲ್ಲಿ ಸಂಸತ್ತಿನ ಸಮಿತಿ ಅದನ್ನು ಕಟುವಾಗಿಯೇ ಹೇಳಿತು. ನಮ್ಮ ಜಿಲ್ಲೆಯ ಹಾಡಿಗಳಲ್ಲಿ, ಆಶ್ರಮ ಶಾಲೆಗಳಲ್ಲಿ ಹೀಗೆ ಆಗಿಬಿಡುವುದು ಎಷ್ಟು ಸುಲಭ ಅಂತ ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ.

ಈಗ 2019ರ ನಿಯಮಗಳಿವೆ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಹಾನಿಯಾದರೆ ಪರಿಹಾರ. ಟ್ರಯಲ್ ನ್ಯಾಯವಾಗಿದೆಯಾ ಅಂತ ನೋಡಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಅರ್ಧದಷ್ಟಾದರೂ ಜನ ಆ ಆಸ್ಪತ್ರೆಗೆ ಸೇರದವರಿರಬೇಕು. ಕಾಗದದ ಮೇಲೆ ನಿಯಮ ಚೆನ್ನಾಗಿದೆ. ನಡೆಸುವುದು ಕೇಳುವವರ ಕೈಯಲ್ಲಿದೆ.

ಪ್ರತಿಕ್ರಿಯೆ (ಸ್ಟಾಫ್ ನರ್ಸ್, ವಿರಾಜಪೇಟೆ):
ಮೇಡಂ, ಹಾವು ಕಚ್ಚಿದವರಿಗೆ ಆ್ಯಂಟಿವೆನಮ್ ಹಾಕಿದಾಗ ಮೈಯೆಲ್ಲ ದದ್ದು ಎದ್ದು, ಬಿಪಿ ಬೀಳುವುದು ನೋಡಿದ್ದೇನೆ. ಇದರ ಬಗ್ಗೆಯೂ ಟ್ರಯಲ್ ಆಗಿದೆಯಾ?

ಉತ್ತರ (ಡಾಕ್ಟರ್):
ಆಗಿದೆ ಸಿಸ್ಟರ್, ಪಕ್ಕದ ಶ್ರೀಲಂಕಾದಲ್ಲೇ. 1,007 ಜನರಲ್ಲಿ ನೋಡಿದರು, 2011ರಲ್ಲಿ ಪ್ರಕಟವಾಯಿತು. ಆ್ಯಂಟಿವೆನಮ್‌ಗೆ ಮೊದಲು ಚರ್ಮದಡಿ ಸಣ್ಣ ಪ್ರಮಾಣದ ಅಡ್ರಿನಲಿನ್ ಕೊಟ್ಟರೆ ಮೊದಲ ಒಂದು ಗಂಟೆಯಲ್ಲಿ ಜೋರಾದ ರಿಯಾಕ್ಷನ್ 43% ಕಡಿಮೆಯಾಯಿತು. ಹಾವು ಕಡಿತಕ್ಕೆ ಅಮೆರಿಕದಲ್ಲಿ ಯಾರು ಇಷ್ಟು ರೋಗಿಗಳನ್ನು ಹುಡುಕುತ್ತಾರೆ ಹೇಳಿ?

ನಮ್ಮ ಆ್ಯಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ಮಾತ್ರ. ಪಶ್ಚಿಮ ಘಟ್ಟದ ತೋಟಗಳ ತರಗೆಲೆಯಲ್ಲಿ ಕೂರುವ, ಮೂತಿ ಮೇಲಕ್ಕೆತ್ತಿದ ಚಿಕ್ಕ ಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಅದಕ್ಕೆ ಔಷಧಿ ತಯಾರಾದರೆ ಪರೀಕ್ಷೆ ಇಂಥ ಕಡೆಯೇ ಆಗಬೇಕು. ಆ ಟ್ರಯಲ್ ಬಂದರೆ ನಾನೇ ಮುಂದೆ ನಿಂತು ಜನರಿಗೆ ಹೇಳುತ್ತೇನೆ.

ಪ್ರಶ್ನೆ (ರೈಟರ್ ಮತ್ತೆ):
ತುಂಬಾ ಥ್ಯಾಂಕ್ಸ್ ಮೇಡಂ. ಫಾರಂ ಕನ್ನಡದಲ್ಲಿದೆ, ಹದಿನೈದು ಪುಟ. ಅವರು ಹೆಬ್ಬೆಟ್ಟು ಒತ್ತಿದರೆ ಸಾಕ್ಷಿಯಾಗಿ ನಾನು ಸಹಿ ಹಾಕಬಹುದಾ?

ಉತ್ತರ (ಡಾಕ್ಟರ್):
ಬೇಡ. ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ಅವರ ಹಾಜರಿ ಬರೆಯುವವರು ನೀವು. ನಿಮ್ಮೆದುರು ಬೇಡ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ. ಓದಲು ಬರದವರಿದ್ದರೆ ಪಕ್ಷಪಾತವಿಲ್ಲದ ಸಾಕ್ಷಿ ಇರಬೇಕು ಅಂತಲೇ ನಿಯಮ. ತೋಟಕ್ಕೂ ಆಸ್ಪತ್ರೆಗೂ ಸಂಬಂಧವಿಲ್ಲದ, ಯರವ ಮಾತು ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಲಿ. ಇವರಂಥವರನ್ನು ಹೊಚ್ಚ ಹೊಸ ಔಷಧಿಯ ಟ್ರಯಲ್‌ಗೆ ಸೇರಿಸುವಾಗ ಒಪ್ಪಿಗೆಯನ್ನು ವಿಡಿಯೋ ಮಾಡಬೇಕು. ಫಾರಂನ ಒಂದು ಪ್ರತಿ ಅವರ ಕೈಗೆ ಕೊಡಬೇಕು.

ಅಲ್ಲಿ ಕೇಳಬೇಕಾದ್ದು: ಈಗ ನುಂಗುತ್ತಿರುವ ಮಾತ್ರೆ ನಿಲ್ಲಿಸುತ್ತಾರಾ? ಹೋಲಿಕೆಗೆ ಅಂತ ಔಷಧಿಯೇ ಇಲ್ಲದ ಬರೀ ಹಿಟ್ಟಿನ ಮಾತ್ರೆ ಕೊಡುವ ಗುಂಪು ಇದೆಯಾ? ಟ್ರಯಲ್ ಮುಗಿದ ಮೇಲೆ ಔಷಧಿ ಕೊಡುತ್ತಾರಾ? ಮಳೆಗಾಲದಲ್ಲಿ ಮೈಸೂರಿಗೆ ಎಷ್ಟು ಸಲ ಹೋಗಬೇಕು, ಆ ದಿನದ ಕೂಲಿ ಯಾರು ತುಂಬುತ್ತಾರೆ? ಎಲ್ಲಕ್ಕಿಂತ ಮುಖ್ಯ, ರಾತ್ರಿ ಸಕ್ಕರೆ ಇಳಿದು ಬೆವರು ಬಂದು ತಲೆ ಸುತ್ತಿದರೆ ಯಾರಿಗೆ ಫೋನ್ ಮಾಡಬೇಕು? ಲೈನ್ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಹತ್ತಿರದ ಆಸ್ಪತ್ರೆಗೆ ಮೊದಲೇ ತಿಳಿಸಿರುತ್ತಾರಾ? ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ತಪ್ಪುವುದಿಲ್ಲ. ಇದನ್ನು ಅವರಿಗೆ ಎರಡು ಸಲ ಹೇಳಿ.

ಫಾರಂನಲ್ಲಿ ಸಿಟಿಆರ್‌ಐ (ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ನಂಬರ್ ಇದ್ದರೆ ಇಲ್ಲಿ ಹಾಕಿ, ಅವರ ಹೆಸರು ಮಾತ್ರ ಬೇಡ. ದೇಶದ ಟ್ರಯಲ್‌ಗಳೆಲ್ಲ ಅಲ್ಲಿ ನೋಂದಣಿಯಾಗಿರಬೇಕು, ಯಾರು ಬೇಕಾದರೂ ತೆಗೆದು ನೋಡಬಹುದು. ನಾನು ಓದಿ ಹೇಳುತ್ತೇನೆ. ನಂಬರೇ ಇಲ್ಲದಿದ್ದರೆ ಅದು ಸಿಗುವವರೆಗೂ ಹೆಬ್ಬೆಟ್ಟು ಒತ್ತುವುದು ಬೇಡ.