‘ನಿಕ್ಷೇಪ’ ಅಂದ್ರೆ ನೆಲದಲ್ಲಿರುವುದೋ, ತೆಗೆದರೆ ಗಿಟ್ಟುವುದೋ?

ಗೆಳೆಯರೇ, ತೀರ್ಥಹಳ್ಳಿಯ ಹೈಸ್ಕೂಲ್ ಮಕ್ಕಳಿಗೆ ಯುರೇನಿಯಂ ಬಗ್ಗೆ ಬರೆಯಲು ಕೂತು ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ. ‘ಅತಿ ಹೆಚ್ಚು ನಿಕ್ಷೇಪ ಇರುವುದು ಆಸ್ಟ್ರೇಲಿಯಾದಲ್ಲಿ, ಅತಿ ಹೆಚ್ಚು ಪೂರೈಸುವುದು ಕಜಕಸ್ತಾನ’ ಎಂದು ಬರೆದೆ. ತಂಗಿಯ ಮಗಳು ಓದಿ, “ಅದು ಹ್ಯಾಗೆ ಮಾವ, ಇಟ್ಕೊಂಡವರು ಒಬ್ಬರು, ಕೊಡೋರು ಇನ್ನೊಬ್ಬರಾ?” ಅಂದಳು.

ತಪ್ಪು ಅವಳದ್ದಲ್ಲ. ಅದಿರು ಸಿಕ್ಕ ಜಾಗಕ್ಕೂ ನಿಕ್ಷೇಪ ಅಂತೀವಿ, ನೆಲದಡಿ ಇರುವ ಒಟ್ಟು ಅಂದಾಜಿಗೂ ಅದೇ, ಖರ್ಚು ಕಳೆದು ಗಿಟ್ಟುವ ಪಾಲಿಗೂ ಅದೇ. ಯುರೇನಿಯಂ ಲೆಕ್ಕ ಹಾಕುವವರು ಕಿಲೋಗೆ 80 ಡಾಲರ್ ಒಳಗೆ ತೆಗೆಯಬಹುದಾದ್ದು, 130ರ ಒಳಗೆ ತೆಗೆಯಬಹುದಾದ್ದು ಅಂತ ಬೇರೆ ಬೇರೆಯಾಗಿಯೇ ಹಾಕುತ್ತಾರೆ. ಜಾರ್ಖಂಡ್‌ನ ಜಾದುಗುಡದಲ್ಲಿ 1967ರಲ್ಲೇ ಗಣಿ ಶುರುವಾಯಿತು, ಆದರೆ ಅಲ್ಲಿ ಒಂದು ಟನ್ ಅದಿರು ಅರೆದರೆ ಒಂದು ಕಿಲೋ ಕೂಡ ಸಿಗುವುದಿಲ್ಲ. ಕೆನಡಾದ ಸಿಗಾರ್ ಲೇಕ್‌ನಲ್ಲಿ ಟನ್ನಿಗೆ ನೂರು ಕಿಲೋ ದಾಟುತ್ತದೆ. ನಮ್ಮ ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ ಪತ್ತೆಯಾಗಿ ವರ್ಷಗಳೇ ಆದವು, ಗಣಿ ಮಾತ್ರ ಇಲ್ಲ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್‌ನಲ್ಲಿ ನೀರು ಬಿತ್ತು ಅಂದ ಕೂಡಲೇ ‘ಎಷ್ಟು ಇಂಚು?’ ಅಂತಾರೆ.

ಗಿಟ್ಟುವ ಪಾಲಿಗೆ ‘ಮೀಸಲು’ ಅನ್ನೋಣವೆಂದರೆ ಮಲೆನಾಡಿನವರಿಗೆ ಅರಣ್ಯ ಇಲಾಖೆಯ ಗಡಿಕಲ್ಲು ಕಣ್ಣಿಗೆ ಬರುತ್ತದೆ. ಮುಟ್ಟಬಾರದ್ದು ಅಂತ ಅರ್ಥ! ಇಲ್ಲಿ ಬೇಕಾದ್ದು ಅದರ ಉಲ್ಟಾ.

ಹೀಗಿರುವಾಗ ಅಜ್ಜನ ಟ್ರಂಕಿನಲ್ಲಿದ್ದ ಕ್ರಯಪತ್ರ ತೆಗೆದೆ. ಮಡಿಕೆಯಲ್ಲಿ ಹರಿದಿದೆ, ಆದರೂ ಈ ಸಾಲು ಓದಬಹುದು: ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’. ಶಾಸನಗಳಲ್ಲೂ ಬರುವ ಅದೇ ಅಷ್ಟಭೋಗ, ಅಂದರೆ ಜಮೀನಿನ ಜೊತೆಗೇ ಬರುವ ಎಂಟು ಬಗೆಯ ಹಕ್ಕು. ಅಲ್ಲಿ ನಿಕ್ಷೇಪ ಅಂದರೆ ಯಾರೋ ಹೂತಿಟ್ಟದ್ದು. ಯುರೇನಿಯಂ ಯಾರೂ ಹೂತಿಟ್ಟದ್ದಲ್ಲ, ಅಲ್ವಾ? ಇರಲಿ, ಬೇರೂರಿದ ಪದವನ್ನು ಕೀಳುವ ಹಟ ನನಗಿಲ್ಲ. ನನ್ನ ಕಣ್ಣು ನಿಂತದ್ದು ಕೊನೆಯ ಎರಡರ ಮೇಲೆ. ಸಿದ್ಧ ಅಂದರೆ ಈಗಾಗಲೇ ಫಲ ಕೊಡುತ್ತಿರುವುದು, ಸಾಧ್ಯ ಅಂದರೆ ದುಡಿದರೆ ಮುಂದೆ ಕೊಡಬಹುದಾದ್ದು. ಭೂಮಿಯ ಬಗ್ಗೆ ಬಳಸಿದ ಜೋಡಿ ಇದು, ಅದಿರಿಗೆ ಒಗ್ಗೀತಾ? ‘ಸಿದ್ಧ ನಿಕ್ಷೇಪ’, ‘ಸಾಧ್ಯ ನಿಕ್ಷೇಪ’ ಅಂದರೆ ಕಿವಿಗೆ ಹೇಗೆ ಕೇಳುತ್ತದೆ?

ಹುಡುಗಿಗೆ ಇದು ಹಿಡಿಸಲಿಲ್ಲ. “ಗಿಟ್ಟೋ ಅದಿರು, ಗಿಟ್ಟದ ಅದಿರು ಅಂತ ಬರಿ ಮಾವ, ಸುಮ್ನೆ ಯಾಕೆ ಒದ್ದಾಡ್ತೀಯ” ಅಂತಾಳೆ. ಅದೂ ಜಾಸ್ತಿ ಕೆಟ್ಟದ್ದಲ್ಲ. ‘ಗಿಟ್ಟು’ ಅನ್ನುವುದು ಬಯಲುಸೀಮೆಯಲ್ಲೂ ಲಾಭದ ಅರ್ಥದಲ್ಲೇ ಇದೆಯಾ, ಅಥವಾ ಬರೀ ‘ಸಿಗು’ ಅಂತಲಾ? ಆ ಕಡೆಯವರು ಹೇಳಿ.