ನಿವೃತ್ತಿಗೆ ಏಳು ವರ್ಷ ಉಳಿದಿರುವಾಗ ಎನ್‌ಪಿಎಸ್‌ನಲ್ಲಿ ಈಕ್ವಿಟಿ ಎಷ್ಟಿರಬೇಕು?

ಪ್ರಶ್ನೆ:
ನನಗೀಗ 53 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದೇನೆ. ಪಿ.ಎಫ್. ಖಾತೆಯಲ್ಲಿ 38 ಲಕ್ಷ ರೂಪಾಯಿ ಇದೆ. ಕಂಪನಿಯ ಮೂಲಕ ತೆರೆದ ರಾಷ್ಟ್ರೀಯ ಪಿಂಚಣಿ ಯೋಜನೆಯ, ಅಂದರೆ ಎನ್‌ಪಿಎಸ್ ಖಾತೆಯಲ್ಲಿ 22 ಲಕ್ಷ ಇದ್ದು, ಅದರಲ್ಲಿ ಶೇ 75ರಷ್ಟು ಈಕ್ವಿಟಿಯಲ್ಲಿ, ಅಂದರೆ ಷೇರುಗಳಲ್ಲಿ ಇದೆ. ಈಚೆಗೆ ಪೇಟೆ ಇಳಿದಾಗ ಮೂರೇ ವಾರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕರಗಿತು. ಅಂದಿನಿಂದ ರಾತ್ರಿ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ಆ ಮೊತ್ತವನ್ನು ನೋಡದೆ ಮಲಗಲು ಆಗುತ್ತಿಲ್ಲ. ಎಲ್ಲವನ್ನೂ ಸರ್ಕಾರಿ ಸಾಲಪತ್ರಗಳ ಜಿ ಯೋಜನೆಗೆ ಬದಲಾಯಿಸಿಬಿಡಲೇ? ನಿವೃತ್ತಿಯ ವೇಳೆಗೆ ಮನೆಸಾಲ 9 ಲಕ್ಷ ಬಾಕಿ ಇರುತ್ತದೆ. ಅದನ್ನು ಎನ್‌ಪಿಎಸ್ ಹಣದಿಂದಲೇ ತೀರಿಸಬೇಕೆಂದಿದ್ದೆ.

ಉತ್ತರ 1:
ತಾವು ಎನ್‌ಪಿಎಸ್ ಖಾತೆಯೊಂದನ್ನೇ ನೋಡುತ್ತಿರುವುದರಿಂದ ಹೆದರಿಕೆ ದೊಡ್ಡದಾಗಿ ಕಾಣುತ್ತಿದೆ. ಪಿ.ಎಫ್. ಹಣಕ್ಕೆ ವರ್ಷ ವರ್ಷ ಘೋಷಿತ ಬಡ್ಡಿ ಸೇರುತ್ತದೆ, 2024-25ಕ್ಕೆ ಅದು ಶೇ 8.25 ಇತ್ತು. ಎರಡನ್ನೂ ಕೂಡಿಸಿದರೆ ಇಡುಗಂಟು 60 ಲಕ್ಷ, ಅದರಲ್ಲಿ ಈಕ್ವಿಟಿ ಹದಿನಾರೂವರೆ ಲಕ್ಷ, ಅಂದರೆ ಶೇ 27.5 ಮಾತ್ರ. ಷೇರುಪೇಟೆ ಶೇ 40ರಷ್ಟು ಬಿದ್ದರೂ ತಮಗೆ ತಟ್ಟುವ ನಷ್ಟ 6.6 ಲಕ್ಷ, ಒಟ್ಟು ಹಣದ ನೂರಕ್ಕೆ ಹನ್ನೊಂದು. ಅದು ಸಣ್ಣದೆಂದು ನಾನು ಹೇಳುವುದಿಲ್ಲ, ಆದರೆ ಬದುಕು ಮುಳುಗುವಷ್ಟೂ ಅಲ್ಲ. ಇನ್ನೊಂದು ಮಾತು: ಎನ್‌ಪಿಎಸ್ ಮೊತ್ತದ ಒಂದು ಭಾಗದಿಂದ ಪಿಂಚಣಿ ಕೊಳ್ಳಬೇಕಾಗುತ್ತದೆ, ಪಿ.ಎಫ್. ಹಣವಾದರೋ ಪೂರ್ತಿ ಕೈಗೆ ಬರುತ್ತದೆ. ಆದ್ದರಿಂದ ಮನೆಸಾಲದ 9 ಲಕ್ಷವನ್ನು ಪಿ.ಎಫ್. ಲೆಕ್ಕಕ್ಕೆ ಬರೆದುಕೊಳ್ಳಿ, ತಾರೀಖು ಗೊತ್ತಿರುವ ಖರ್ಚನ್ನು ಪೇಟೆಯ ಏರಿಳಿತಕ್ಕೆ ಒಡ್ಡಬಾರದು.

ಉತ್ತರ 2:
ಜಿ ಯೋಜನೆಯಲ್ಲಿ ಏರಿಳಿತವೇ ಇಲ್ಲವೆಂದು ಭಾವಿಸಬೇಡಿ. ಅದರಲ್ಲಿರುವುದು ಬಹುಪಾಲು ದೀರ್ಘಾವಧಿಯ ಸಾಲಪತ್ರಗಳು. ಬಡ್ಡಿದರ ಏರಿದರೆ ಅವುಗಳ ಬೆಲೆ ಇಳಿಯುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿದಾಗ ಸಾಲಪತ್ರ ನಂಬಿದವರಿಗೂ ಇದರ ಬಿಸಿ ತಟ್ಟಿತ್ತು. ಇತ್ತ ವಯಸ್ಸಿಗೆ ತಕ್ಕಂತೆ ಈಕ್ವಿಟಿಯ ಪಾಲನ್ನು ತಾನಾಗಿಯೇ ಇಳಿಸುವ ಆಟೋ ಚಾಯ್ಸ್‌ನ ಎಲ್‌ಸಿ 50 ಆರಿಸಿದರೆ 35 ವಯಸ್ಸಿನ ನಂತರ ಈಕ್ವಿಟಿ ವರ್ಷಕ್ಕೆ ಶೇ 2ರಂತೆ ಇಳಿದು 55ಕ್ಕೆ ಶೇ 10 ಆಗುತ್ತದೆ. ಇಷ್ಟು ಪಿ.ಎಫ್. ಇರುವ ತಮಗೆ ಅದು ತೀರಾ ಕಡಿಮೆಯೆಂಬುದು ನನ್ನ ಅಭಿಪ್ರಾಯ.

ಉತ್ತರ 3:
ನಾನು 2020ರ ಮೇ ತಿಂಗಳಲ್ಲಿ ನಿವೃತ್ತನಾದವನು. ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ 13ರಷ್ಟು ಕುಸಿಯಿತು. ಆ ವಾರವೇ ನಾನು ಈಕ್ವಿಟಿಯನ್ನೆಲ್ಲ ಜಿ ಯೋಜನೆಗೆ ಬದಲಾಯಿಸಿದೆ. ನವೆಂಬರ್ ಹೊತ್ತಿಗೆ ಸೂಚ್ಯಂಕ ಜನವರಿಯ ಮಟ್ಟವನ್ನೇ ದಾಟಿತು. ಆ ನಷ್ಟ ಇವತ್ತಿಗೂ ನನ್ನನ್ನು ಕಾಡುತ್ತದೆ. ಹಾಗೆಂದು ಪ್ರತಿ ಸಲವೂ ಪೇಟೆ ಅಷ್ಟು ಬೇಗ ಚೇತರಿಸುವುದಿಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಮತ್ತೆ ಅಲ್ಲಿಗೆ ಬರಲು 2010ರ ನವೆಂಬರ್ ಆಯಿತು. ಆದ್ದರಿಂದ ಈಕ್ವಿಟಿ ಇಳಿಸುವ ಕೆಲಸವನ್ನು ಕುಸಿತದ ದಿನ ಮಾಡದೆ, ಪ್ರತಿ ವರ್ಷ ಗೊತ್ತಾದ ಒಂದು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ. ಎನ್‌ಪಿಎಸ್ ಒಳಗೆ ಪಾಲು ಬದಲಿಸಿದರೆ ತೆರಿಗೆ ಬೀಳುವುದಿಲ್ಲ. 60 ತುಂಬಿದ ದಿನವೇ ಹಣ ತೆಗೆಯಬೇಕೆಂಬ ಕಡ್ಡಾಯವೂ ಇಲ್ಲ. ಮುಂದೂಡಬಹುದು, ಕೈಗೆ ಬರುವ ಪಾಲನ್ನು ಕಂತುಗಳಲ್ಲೂ ಪಡೆಯಬಹುದು.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ನಿನ್ನೆ ಮನೆಯಾಕೆಯೊಡನೆ ಕುಳಿತು ಹಳೆಯ ಲೆಕ್ಕದ ಪುಸ್ತಕದಲ್ಲಿ ಎರಡೂ ಖಾತೆಗಳನ್ನು ಒಂದೇ ಪುಟಕ್ಕೆ ಬರೆದೆ, ಮನೆಸಾಲವನ್ನು ಪಿ.ಎಫ್. ಅಂಕಣಕ್ಕೆ ಸಾಗಿಸಿದೆ. ಬರುವ ಏಪ್ರಿಲ್‌ನಲ್ಲಿ ಈಕ್ವಿಟಿಯನ್ನು 75ರಿಂದ 68ಕ್ಕೆ ಇಳಿಸಿ, ಅಲ್ಲಿಂದ ವರ್ಷಕ್ಕೊಮ್ಮೆ ಏಳರಂತೆ ಕಡಿಮೆ ಮಾಡುತ್ತ ಹೋಗುತ್ತೇನೆ.